ಪಟ್ಟದ ಹೋರಿಯ ಮೇವು

"ಬಾಯಿ ತೆಗಿಯೇ ಮುಂಡೆ. ಇನ್ನೂ ಅಗಲ. ನಾಲ್ಗೆ ಆಚೆ ಹಾಕು."

ಅಳಗರ್ ಗೌಂಡರು ದನ ಹೊಡೆಯುವ ಕೋಲಿನ ತುದಿಯನ್ನು ಓಚ್ಚಮ್ಮಾಳ ಹಲ್ಲುಗಳ ನಡುವೆ ಇಟ್ಟು ಮೇಲಕ್ಕೆ ಮೀಟಿದರು. ಕೈಯಲ್ಲಿ ಮುಟ್ಟುವ ಹಾಗಿರಲಿಲ್ಲ, ಅವಳು ಮುಟ್ಟಿಸಿಕೊಳ್ಳದವರ ಕೇರಿಯಾದ ಚೇರಿಯವಳು. ಕೋಲಿಗೆ ಆ ಮೈಲಿಗೆ ಇಲ್ಲ. ಅವಳು ಒರಳುಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ನೆನೆದ ಹತ್ತಿಕಾಳಿನ ಬಿಳಿಹಾಲು ಮೊಣಕೈವರೆಗೆ ಇಳಿದು ಅಲ್ಲೇ ಒಣಗುತ್ತಿತ್ತು.

"ಆ ಹಲ್ಲಿನ ಸಂದೀಲಿ ಕಪ್ಪಗೆ ಏನೇ ಅದು?"

"ಹೊಗೆಸೊಪ್ಪು ಸಾಮಿ."

"ಹೊಗೆಸೊಪ್ಪೋ, ನಮ್ಮನೆ ಎಳ್ಳಿಂಡಿಯೋ?" ಗೌಂಡರು ತಿರುಗಿ, ಅಂಗಳದ ಬೇವಿನ ನೆರಳಲ್ಲಿ ನಿಂತಿದ್ದ ಮುದುಕರನ್ನು ನೋಡಿದರು. "ನೀವೇ ನೋಡಿ ಪೆರಿಯವರೇ. ದಿನಾ ಒರಳು ತುಂಬ ಹತ್ತಿಕಾಳು, ಹುರುಳಿ, ಹಿಂಡಿ ಕೊಡ್ತೀನಿ. ಇಷ್ಟೂ ತಿಂದ ಹೋರಿಗೆ ಪಕ್ಕೆ ಎದ್ದು ಕಾಣ್ತದಾ? ಇವಳ ಕೆನ್ನೆ ನೋಡಿ ಬೇಕಾದ್ರೆ."

ಓಚ್ಚಮ್ಮಾಳ ಕೆನ್ನೆಯಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. ಆದರೂ ಪೆರಿಯವರು ನೋಡಿದರು. ಅವರ ಹೆಸರು ಕಾಳಿಮುತ್ತು. ತಮಿಳು ಸೀಮೆಯ ಕಂಬಂ ಕಣಿವೆಯಲ್ಲಿ ಕನ್ನಡ ಆಡುವ ಒಕ್ಕಲು ಮನೆಗಳೆಲ್ಲ ಸೇರಿ ಸಾಕುವ ದೇವರ ಮಂದೆಗೆ ಅವರೇ ಹಿರಿಯರು. ಆ ಮಂದೆಯ ಹಾಲನ್ನು ಯಾರೂ ಕುಡಿಯುವುದಿಲ್ಲ, ಕರುಗಳಿಗೇ ಬಿಡುತ್ತಾರೆ. ಮಂದೆಗೊಂದು ಪಟ್ಟದ ಹೋರಿ ಇರುತ್ತದೆ. ಹಳೆಯದು ಐಪ್ಪಸಿ ತಿಂಗಳ ಹಿಂಗಾರು ಮಳೆಯಲ್ಲಿ ಸತ್ತಿತ್ತು. ಸಂಕ್ರಾಂತಿ ಹೊತ್ತಿನ ತೈ ತಿಂಗಳ ದನದ ಹಬ್ಬಕ್ಕೆ ಹೊಸದನ್ನು ಆರಿಸಬೇಕಿತ್ತು.

"ತಿಂದಿದ್ರೆ ತಿಂದೆ ಅನ್ನೇ," ಎಂದರು ಕಾಳಿಮುತ್ತು, ಬೈಯುವ ದನಿಯಲ್ಲಲ್ಲ. "ಹೊಟ್ಟೆ ಹಸಿವು, ಯಾರ್ನೂ ಬಿಟ್ಟಿಲ್ಲ."

"ತಿಂದಿಲ್ಲ ಸಾಮಿ. ನನ್ ಮಗಳಾಣೆ ತಿಂದಿಲ್ಲ."

"ಆಣೆ ಬೇರೆ! ನಿನ್ನ ಎಂಜಲು ಬಿದ್ದ ಮೇವು ದೇವರ ಹೋರಿ ಹೊಟ್ಟೆಗೆ ಓಗೋದು ಗೊತ್ತಾಗಲ್ವಾ ನಿಂಗೆ, ನಾಯಿ?" ಗೌಂಡರು ಕೋಲನ್ನು ತೆಗೆದು ಅವಳ ಸೀರೆಯ ಸೆರಗಿಗೇ ಒರೆಸಿದರು. "ಏಯ್ ಅಯ್ಯಾವು! ಆ ಉಳುವ ಎತ್ತಿನ ಬಾಯಿಕುಕ್ಕೆ ತಾ. ಕಟ್ಟು ಇವಳಿಗೆ. ರುಬ್ಬೋವಾಗೆಲ್ಲ ಬಿಗಿದಿರ್ಲಿ."

ಅಯ್ಯಾವು ಅವಳ ಸತ್ತ ಗಂಡನ ತಮ್ಮ. ಗೌಂಡರ ಕೊಟ್ಟಿಗೆಯ ಆಳು. ತೆಂಗಿನ ನಾರಿನಲ್ಲಿ ಹೆಣೆದ ಆ ಬುಟ್ಟಿಯನ್ನು ತಂದು, ಅತ್ತಿಗೆಯ ಮುಖ ನೋಡದೆ, ಬಾಯಿ ಮೂಗು ಮುಚ್ಚುವ ಹಾಗೆ ಇಟ್ಟು ಹಿಂದಲೆಯಲ್ಲಿ ಗಂಟು ಹಾಕಿದ. ಎತ್ತಿನ ಜೊಲ್ಲಿನ ವಾಸನೆ ಬಂತು. ಗಂಟು ಎರಡು ಸಲ ಜಾರಿತು.

"ಹಬ್ಬದ ದಿನ ಮಂದೆ ಮುಂದೆ ತೀರ್ಮಾನ ಮಾಡೋಣ," ಎಂದರು ಕಾಳಿಮುತ್ತು. "ಕಳ್ಳಿ ಅಂತ ಆದ್ರೆ ಸಗಣಿನೀರು ಕುಡಿಸಿ ಊರಾಚೆ ಅಟ್ಟೋದು. ಗುಡಿಸ್ಲು ನಿಮ್ ಜಾಗ ತಾನೆ ಗೌಂಡರೇ?"

"ಆಮಾ, ನಂದೇ. ಕೀಳಿಸ್ತೀನಿ."

ಕಲ್ಲು ಮತ್ತೆ ತಿರುಗಿತು.

ಆ ಕಾಲದಲ್ಲಿ ಮಲೆಯ ಮೇಲೆ ಬಿಳಿಯರು ಹೊಳೆಗೆ ಅಣೆ ಕಟ್ಟುತ್ತಿದ್ದರು. ಪಡುವಣಕ್ಕೆ ಹರಿಯುವ ನೀರನ್ನು ಬೆಟ್ಟ ಕೊರೆದು ಈ ಕಡೆಗೆ ತಿರುಗಿಸುತ್ತಾರಂತೆ ಎಂಬ ಸುದ್ದಿ ಕಣಿವೆಯ ಬಾಯಲ್ಲೆಲ್ಲ ಇತ್ತು. ಆ ಕೆಲಸಕ್ಕೆ ಕಲ್ಲು ಹೊರಲು ಮಲೆ ಹತ್ತಿದ್ದ ಓಚ್ಚಮ್ಮಾಳ ಗಂಡ ಚಳಿಜ್ವರ ಹೊತ್ತು ಇಳಿದಿದ್ದ, ಚೇರಿ ತಲುಪಿದ ವಾರದಲ್ಲೇ ಹೋಗಿದ್ದ. ನೀರು ಇಳಿದಾಗ ಕಾಲುವೆಯ ಮೊದಲ ಮಡೆ, ಎಂದರೆ ನೀರು ಬಿಡುವ ತೂಬು, ಯಾರ ಗದ್ದೆಗೆ ಎಂಬುದು ಒಕ್ಕಲು ಮನೆಗಳ ಜಗಲಿಗಳಲ್ಲಿ ಈಗಲೇ ಚರ್ಚೆ. ಯಾರ ಮನೆಯ ಹೋರಿಗೆ ಪಟ್ಟವೋ ಅವರಿಗೇ ಮೊದಲ ಮಡೆ ಎಂದು ಹಿರಿಯರು ಗೊತ್ತು ಮಾಡಿದ್ದರು.

ಪಟ್ಟ ಕಟ್ಟುವುದು ಮನುಷ್ಯರ ಕೆಲಸವಲ್ಲ. ಮಂದೆಯ ಮುಂದೆ ಕರಿಕಬ್ಬಿನ ಕಂತೆ ಹರಡಿ, ಒಂದೊಂದು ಮನೆಯ ಹೋರಿಯನ್ನೂ ತಂದು ಬಿಡುತ್ತಾರೆ. ಯಾವುದು ಮೊದಲು ಕಬ್ಬಿಗೆ ಬಾಯಿ ಹಾಕುತ್ತದೋ ಅದು ದೇವರು ಆರಿಸಿದ್ದು. ಇದಕ್ಕೊಂದು ಕಟ್ಟುಪಾಡು ಉಂಟು. ಹೋರಿಗೆ ಹೊಟ್ಟೆ ತುಂಬಿರಬೇಕು. ಹಸಿದ ದನ ಕಬ್ಬಿಗೆ ಹಾರಿದರೆ ಅದು ಹೊಟ್ಟೆಯ ಆಸೆ, ದೇವರ ಇಷ್ಟವಲ್ಲ. ಅದಕ್ಕೇ ಹಬ್ಬಕ್ಕೆ ಮೊದಲು ಕಾಳಿಮುತ್ತು ಪೆರಿಯವರು ಮನೆಮನೆಗೆ ಹೋಗಿ ಹೋರಿಯ ಮೈಯನ್ನು ನೋಡಿ ಬರುತ್ತಿದ್ದರು. ಗೌಂಡರ ಕೆಂದ ಹೋರಿಯ ಮೈಯಲ್ಲಿ ಅವರು ಪಕ್ಕೆಗಳನ್ನು ಕಂಡಿದ್ದರು.

*

ಆ ಸಂಜೆ ಗುಡಿಸಲಲ್ಲಿ ಓಚ್ಚಮ್ಮಾಳ್ ಮುದ್ದೆ ಮುರಿಯಲಿಲ್ಲ. ನಾರು ಕೊರೆದ ಗೆರೆಗಳು ಕೆನ್ನೆಯ ಮೇಲೆ ಉಳಿದಿದ್ದವು. ಮಗಳು ವಳ್ಳಿ ಎದುರಿಗೆ ಕೂತು ಬೆರಳು ನೆಕ್ಕುತ್ತಿದ್ದಳು.

ಓಚ್ಚಮ್ಮಾಳಿಗೆ ತಲೆಯೊಳಗೆ ಒಂದೇ ಮಾತು ತಿರುಗುತ್ತಿತ್ತು. ತಾನು ತಿಂದಿಲ್ಲ, ಹೋರಿಯೂ ತಿಂದಿಲ್ಲ. ಹಾಗಾದರೆ ತಿಂದವರು ಯಾರು? ರುಬ್ಬಿದ ಮೇವಿನ ಕುಂಡವನ್ನು ಅವಳು ಕೊಟ್ಟಿಗೆಯ ಹೊಸ್ತಿಲವರೆಗೆ ಹೊರುತ್ತಾಳೆ. ದೇವರ ಹೋರಿ ಕಟ್ಟಿದ ಮೇಲೆ ಹೆಂಗಸರು ಒಳಗೆ ಕಾಲಿಡಬಾರದು. ಅಲ್ಲಿಂದ ಮುಂದೆ ಕೈ ಅಯ್ಯಾವುದು. ಅವನ ಹೆಂಡತಿ ಬಾಣಂತಿ. ಈಚೆಗೆ ಅವನ ಮುಖ ಸ್ವಲ್ಪ ತುಂಬಿಕೊಂಡಿದೆಯಲ್ಲ? ನಿನ್ನೆ ಅವನ ಮನೆಯಿಂದ ಹುರುಳಿ ಬೆಂದ ಘಮ ಬರಲಿಲ್ಲವೆ? ಇಲ್ಲ, ಅದು ಮೊನ್ನೆ. ಆಚೆ ಮನೆಯದಿರಬಹುದು. ಕೆಂಡ ಕೇಳುವ ನೆಪದಲ್ಲಿ ಪಕ್ಕದ ಗುಡಿಸಲಿನ ಸುಬ್ಬುಲಕ್ಷ್ಮಿ ಬಂದು ತನ್ನ ಮಡಕೆಯೊಳಗೆ ಇಣುಕಿ ಹೋದದ್ದೂ ನೆನಪಾಯಿತು. ಚೇರಿಯವರೂ ನಂಬಿಲ್ಲ ಹಾಗಾದರೆ.

ಕಣ್ಣು ಮಗಳ ಮೇಲೆ ನಿಂತಿತು. ಮಧ್ಯಾಹ್ನ ಗಂಜಿ ತರುವವಳು ಇವಳೇ. ತಾನು ನೀರಿಗೆ ಎದ್ದಾಗ ಕಲ್ಲಿನ ಹತ್ತಿರ ಇರುವವಳೂ ಇವಳೇ.

"ವಳ್ಳೀ, ಇಲ್ಲಿ ಬಾ."

"ಏನವ್ವಾ?"

"ಬಾಯಿ ತೆಗಿ."

ವಳ್ಳಿಗೆ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಅವಳು ಬಾಯಿ ತೆರೆದಳು. ಓಚ್ಚಮ್ಮಾಳ್ ದೀಪ ಹತ್ತಿರ ಹಿಡಿದು ಮಗಳ ನಾಲಗೆ ನೋಡಿದಳು, ಬಗ್ಗಿ ಉಸಿರನ್ನು ಮೂಸಿದಳು. ರಾಗಿಯ ವಾಸನೆ. ಬರೀ ರಾಗಿಯದು.

"ಸಾಕಾ?" ಎಂದಳು ವಳ್ಳಿ. "ಕೋಲು ಬೇಡ್ವಾ ನಿಂಗೆ?"

ಓಚ್ಚಮ್ಮಾಳ್ ದೀಪ ಕೆಳಗಿಟ್ಟಳು. ಬೆಳಗಾಗುವವರೆಗೆ ಮಗಳು ಅವಳಿಗೆ ಬೆನ್ನು ಹಾಕಿಯೇ ಮಲಗಿದ್ದಳು.

*

ಬೆಳಿಗ್ಗೆ ತಿಪ್ಪೆಗುಂಡಿಯ ಹತ್ತಿರ ಅಯ್ಯಾವು ಸಿಕ್ಕ. ಮಂಕರಿಯಲ್ಲಿ ಸಗಣಿ ಹೊತ್ತು ಬಂದಿದ್ದ.

"ಏಯ್, ನಿಜ ಹೇಳೋ," ಎಂದು ಅವಳು ಅಡ್ಡ ನಿಂತಳು. "ಬಾಣಂತಿ ಮನೇಲಿದ್ದಾಳೆ, ಹೊಟ್ಟೆ ಕೇಳಲ್ಲ, ನಂಗೊತ್ತು. ಕುಂಡದಿಂದ ಒಂದ್ ಹಿಡಿ ತಕ್ಕಂಡ್ಯಾ?"

ಅಯ್ಯಾವು ಮಂಕರಿ ಇಳಿಸಿದ. "ನಾನೂ ನಿನ್ನ ಅದೇ ಕೇಳೋಣ ಅಂತಿದ್ದೆ ಅತ್ಗೆ."

"ಥೂ, ನಿನ್ನ ಬಾಯಿಗೆ ಮಣ್ಣಾಕ."

"ಹಾಕು. ಕುಕ್ಕೆ ಕಟ್ಟಿದ ಕೈ ಇದು, ಅದಕ್ಕೂ ಹಾಕು." ಅವನು ಮುಖ ತಿರುಗಿಸಿದ. "ನಾ ಕುಂಡ ಒಳಗಿಟ್ಟು ಆಚೆ ಬರ್ತೀನಿ, ಅಷ್ಟೇಯ. ದೇವರ ಹೋರಿಗೆ ನನ್ ಕೈಯಾರೆ ಇಕ್ತೀನಿ ಅಂತ ಗೌಂಡರು ಕದ ಹಾಕ್ಕೋತಾರೆ. ಆಮೇಲೆ ಖಾಲಿ ಕುಂಡ ಆಚೆ ಬರ್ತದೆ."

ಇಬ್ಬರೂ ಮಂಕರಿಯ ಕಡೆ ನೋಡಿದರು. ಓಚ್ಚಮ್ಮಾಳ್ ಕಡ್ಡಿ ಹಿಡಿದು ಕೆಂದನ ಸಗಣಿಯನ್ನು ಕೆದಕಿದಳು. ಗಟ್ಟಿಗೆ, ಕಪ್ಪಗೆ, ಒಣಹುಲ್ಲಿನ ನಾರು ನಾರು. ಹತ್ತಿಕಾಳಿನ ಸಿಪ್ಪೆ ಒಂದೂ ಇಲ್ಲ. ಇನ್ನೊಂದು ಗುಡ್ಡೆ ಮೆತ್ತಗೆ ಹರಡಿಕೊಂಡಿತ್ತು. ಅದರ ತುಂಬ ಸಿಪ್ಪೆ.

"ಇದ್ಯಾವುದ್ದೋ?"

"ಗಾಡಿ ಎತ್ತಿಂದು."

ಗೌಂಡರ ಗಾಡಿಯ ಬಿಳಿ ಜೋಡಿಯನ್ನು ಕಂಡು ಸಂತೆಯಲ್ಲಿ ಜನ ನಿಂತು ನೋಡುತ್ತಿದ್ದರು. ಎಣ್ಣೆ ಸವರಿದ ಹಾಗೆ ಮೈ. ಅವು ಏನು ತಿಂದು ಹಾಗಿವೆ ಎಂದು ಯಾರೂ ಕೇಳಿರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಅವಳು ತಿಪ್ಪೆಯ ಕಡೆಯಿಂದ ಹೋಗಿ ಕೊಟ್ಟಿಗೆಯ ಹಿಂಗೋಡೆಯ ಬಿರುಕಿಗೆ ಕಣ್ಣಿಟ್ಟಳು. ಗೌಂಡರು ಕದ ಮುಚ್ಚಿ, ಕುಂಡ ಎತ್ತಿ, ಅವಳು ಬಾಯಿ ಬಿಗಿಸಿಕೊಂಡು ರುಬ್ಬಿದ್ದನ್ನೆಲ್ಲ ಗಾಡಿ ಎತ್ತುಗಳ ಮೇವಿನ ಬಾನಿಗೆ ಸುರಿದರು. ಕೆಂದನ ಮುಂದೆ ಒಂದು ಹಿಡಿ ಬತ್ತದ ಹುಲ್ಲು ಬಿತ್ತು. ಕೆಂದ ಅದನ್ನು ಬಿಟ್ಟು ಮಣ್ಣುಗೋಡೆ ನೆಕ್ಕುತ್ತಿತ್ತು. ಉಪ್ಪಿಲ್ಲದ ದನ ಹಾಗೆ ಮಾಡುತ್ತದೆ. ನೆಕ್ಕಿ ನೆಕ್ಕಿ ಗೋಡೆಯಲ್ಲಿ ಬೋಗುಣಿಯಷ್ಟು ಗುಳಿ ಬಿದ್ದಿತ್ತು.

ಗೌಂಡರು ಮಡಿಲಿನಿಂದ ಒಂದು ಗೇಣು ಕಬ್ಬು ತೆಗೆದರು. ಹೋರಿಯ ಮೂಗಿಗೆ ಹಿಡಿದರು. ಕೆಂದ ಹಗ್ಗ ಜಗ್ಗಿ ನಾಲಗೆ ಚಾಚಿತು. ಒಮ್ಮೆ ನೆಕ್ಕಲು ಬಿಟ್ಟು ಕೈ ಹಿಂದೆಗೆದರು.

"ಆಸೆ ಆಯ್ತಾ? ಇರ್ಲಿ ಇರ್ಲಿ. ಮಂದೆ ಮುಂದೆ ಕೊಡ್ತಾರೆ ತಾಳು, ರಾಜಾ," ಎಂದು ಮಗುವನ್ನು ಮಾತಾಡಿಸುವ ಹಾಗೆ ಅಂದರು.

*

ಯಾರಿಗೆ ಹೇಳುವುದು? ಕಾಳಿಮುತ್ತು ಪೆರಿಯವರ ಅಂಗಳಕ್ಕೆ ಹೋದರೆ ಬೇಲಿಯ ಆಚೆಯೇ ನಿಂತು ಕೂಗಬೇಕು, ಕೂಗಿದ್ದನ್ನು ಊರೆಲ್ಲ ಕೇಳುತ್ತದೆ, ಅವಳ ಮಾತು ಗೌಂಡರ ಮಾತಿನ ಎದುರು ನಿಲ್ಲುವುದಿಲ್ಲ. ಕೊಟ್ಟಿಗೆಗೆ ಇಣುಕಿದ್ದಕ್ಕೆ ಇನ್ನೊಂದು ಶಿಕ್ಷೆ ಬರುತ್ತದೆ.

"ಹೇಳೋದ್ ಬೇಡ," ಎಂದಳು ವಳ್ಳಿ. ಮೂರು ಹೊತ್ತಿನಿಂದ ಮಾತು ಬಿಟ್ಟಿದ್ದವಳು ಅದೇ ಮೊದಲು ಬಾಯಿ ತೆರೆದದ್ದು. "ಹೋರಿಗೆ ಹೊಟ್ಟೆ ತುಂಬಿದ್ರೆ ಕಬ್ಬಿಗೆ ಹಾರಲ್ಲ ಅಲ್ವಾ?"

ಓಚ್ಚಮ್ಮಾಳ್ ಮಗಳ ಮುಖ ನೋಡಿದಳು. ಆಮೇಲೆ ಎದ್ದು ಅಯ್ಯಾವುವಿನ ಗುಡಿಸಲಿಗೆ ಹೋದಳು.

ಅಯ್ಯಾವು ಕೇಳಿ ಬೆವತ. "ಗೊತ್ತಾದ್ರೆ ನನ್ ಚರ್ಮ ಸುಲಿದು ಕುಕ್ಕೆ ಹೆಣೀತಾರೆ."

"ದಿನಾ ಬೆಳಿಗ್ಗೆ ಹೋರಿ ಮೈ ತೊಳ್ಸೋಕೆ ಹೊಳೆಗೆ ಹೊಡ್ಕಂಡ್ ಬರೋನು ನೀನು. ಆವಾಗ ಗೌಂಡರು ಪೂಜೆಗೆ ಕೂತಿರ್ತಾರೆ. ನೀ ಬಾ, ಮೈ ತೊಳಿ, ಓಗು. ಇಕ್ಕೋರು ನಾವು. ನೀ ಕಂಡಿಲ್ಲ."

"ಒಂದೇ ಸಲ ಕಾಳು ಕೊಟ್ರೆ ಹೊಟ್ಟೆ ಉಬ್ಬಿ ಬಿದ್ದೋಯ್ತದೆ. ಬರೀ ಹುಲ್ಲಿಗೆ ಒಗ್ಗಿರೋ ಹೊಟ್ಟೆ."

"ನಂಗೂ ಗೊತ್ತು. ಮೊದ್ಲು ಉಪ್ಪುನೀರು, ಆಮೇಲೆ ಹಸಿಸೊಪ್ಪು. ಗಂಜಿ ತಿಳಿ ಚೂರು ಚೂರು. ಕಟ್ಟಕಡೆಗೆ ಕಬ್ಬಿನ ಸೋಗೆ."

ಅವನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅವಳು ಹಿಂದಿರುಗುವಾಗ ದಾರಿಯುದ್ದಕ್ಕೂ ಬೆನ್ನ ಹಿಂದೆ ಕಿವಿ ಇಟ್ಟಿದ್ದಳು, ಅವನ ಹೆಜ್ಜೆ ಗೌಂಡರ ಮನೆಯ ಕಡೆ ಹೋಗುತ್ತದೇನೋ ಎಂದು.

ಮರುದಿನ ಕೆಂದ ಹೊಳೆಗೆ ಬಂತು. ಅಯ್ಯಾವು ಮೈ ತಿಕ್ಕುತ್ತ ಬೇರೆ ಕಡೆ ನೋಡುತ್ತಿದ್ದ. ಸರಕಾರ ಉಪ್ಪಿಗೆ ತೆರಿಗೆ ಹಾಕಿದಂದಿನಿಂದ ಚೇರಿಯಲ್ಲಿ ಉಪ್ಪನ್ನು ಬೆರಳ ತುದಿಯಲ್ಲಿ ಮುಟ್ಟಿ ನಾಲಗೆಗೆ ತಾಕಿಸುವುದು. ಓಚ್ಚಮ್ಮಾಳ್ ತನ್ನ ಮನೆಯ ಉಪ್ಪಿನ ಚಿಪ್ಪನ್ನೇ ತಂದು ನೀರಿನಲ್ಲಿ ಕದಡಿದಳು. ಕೆಂದ ಮೂಗು ಮುಳುಗಿಸಿ ಒಂದೇ ಉಸಿರಿಗೆ ಕುಡಿದು, ಚಿಪ್ಪನ್ನೂ ನೆಕ್ಕಿತು, ಅವಳ ಅಂಗೈಯನ್ನೂ ನೆಕ್ಕಿತು.

ಚೇರಿಯ ಗುಡಿಸಲುಗಳಲ್ಲಿ ಕಲಗಚ್ಚು ಎಂದರೆ ಅನ್ನ ಬಸಿದ ನೀರಲ್ಲ, ಅನ್ನವೇ ಅಪರೂಪ. ರಾಗಿ ಅಂಬಲಿಯ ಮಡಕೆ ತೊಳೆದ ನೀರು. ಅದನ್ನು ಕುಡಿಯುತ್ತಿದ್ದವರು ಮಕ್ಕಳು. ಓಚ್ಚಮ್ಮಾಳ್ ಮನೆಮನೆಗೆ ಹೋಗಿ ಕೇಳಿದಳು. ಬೈಗುಳ ಸಿಕ್ಕಿತು.

"ನಿನ್ ಬಾಯಿಗೆ ಕುಕ್ಕೆ ಕಟ್ಟಿದೋನ ಹೋರಿಗೆ ನಮ್ ಮಕ್ಕಳ ಅಂಬ್ಲಿನಾ? ತಲೆ ಕೆಟ್ಟಿತೇನೇ?" ಎಂದು ಸುಬ್ಬುಲಕ್ಷ್ಮಿ ಬಾಗಿಲಲ್ಲೇ ಕೂಗಾಡಿದಳು.

"ಅವನ ಹೋರಿಗಲ್ಲ. ಹಸಿದ ಹೋರಿಗೆ."

"ಹಾಗಂದ್ರೆ ನೀನೇ ತಿಂದಿರಬೇಕು. ಅದಕ್ಕೇ ಈಗ ತೀರಿಸ್ತಿದ್ದೀಯ."

ಓಚ್ಚಮ್ಮಾಳ್ ಅವಳನ್ನು ಕೈಹಿಡಿದು ಸಂಜೆ ಆ ಬಿರುಕಿನ ಹತ್ತಿರ ಕರೆದೊಯ್ದಳು. ಇಣುಕಿ ಬಂದ ಸುಬ್ಬುಲಕ್ಷ್ಮಿ ದಾರಿಯಲ್ಲಿ ಮಾತಾಡಲಿಲ್ಲ. ಬೆಳಿಗ್ಗೆ ಅವಳೇ ಮೊದಲು ಮಡಕೆ ಹಿಡಿದು ಹೊಳೆಗೆ ಬಂದಳು, ಹಿಂದೆ ಇನ್ನೂ ನಾಲ್ಕು ಜನ ಹೆಂಗಸರು. ಕಬ್ಬು ಅರೆಯುವ ಕಡೆ ಕೂಲಿಗೆ ಹೋಗುವವರು ಸೋಗೆಯನ್ನು ಸೌದೆ ಹೊರೆಯೊಳಗೆ ಬಚ್ಚಿಟ್ಟು ತಂದರು.

ಹಗಲು ಕುಕ್ಕೆ ಬಿಗಿದು ರುಬ್ಬುವುದು ನಡೆದೇ ಇತ್ತು. ಗೌಂಡರು ಸಂಜೆ ಕಬ್ಬು ತೋರಿಸುವುದೂ ನಡೆದೇ ಇತ್ತು. ಬೆಳಗಿನ ಆ ಚೂರುಪಾರು ಇಡೀ ದಿನದ ಹಸಿವನ್ನು ಮುಚ್ಚುವಷ್ಟಿರಲಿಲ್ಲ. ಕೆಂದ ಹಗ್ಗ ಜಗ್ಗುತ್ತಲೇ ಇತ್ತು, ಗೌಂಡರು ನಗುತ್ತಲೇ ಇದ್ದರು. ಒಂದು ದಿನ ಮಾತ್ರ ಅವರು ಕೊಟ್ಟಿಗೆಯಿಂದ ಹೊರಬಂದು ಅಯ್ಯಾವುವನ್ನು ಬಹಳ ಹೊತ್ತು ದಿಟ್ಟಿಸಿದರು.

"ಸಗಣಿ ಮೆತ್ತಗಾಗಿದೆಯಲ್ಲೋ."

"ಹೊಳೆ ದಂಡೇಲಿ ಗರಿಕೆ ಕಿತ್ತು ತಿಂತದೆ ಸಾಮಿ. ಎಷ್ಟೂಂತ ಹಿಡೀಲಿ?"

"ಹಿಡೀಬೇಕು. ಇಲ್ಲಾಂದ್ರೆ ನಿನ್ ಕೊರಳು ಹಿಡೀತೀನಿ."

ಅದನ್ನು ದೂರದಿಂದ ಕೇಳಿದ ಓಚ್ಚಮ್ಮಾಳಿಗೆ ನೆಮ್ಮದಿಯಾಗಲಿಲ್ಲ. ಅಯ್ಯಾವು ಸುಳ್ಳು ಹೇಳಿದ್ದು ಅತ್ತಿಗೆಗೋಸ್ಕರವೋ, ತನ್ನ ಚರ್ಮಕ್ಕೋಸ್ಕರವೋ? ಆಮೇಲೆ ಒಳಗೆ ಕರೆದು ಕೇಳಿದರೆ ಏನು ಹೇಳುತ್ತಾನೋ?

*

ದನದ ಹಬ್ಬದ ದಿನ ಕತ್ತಲು ಹರಿಯುವ ಮೊದಲೇ ಹೊಳೆಯ ದಂಡೆಯಲ್ಲಿ ಚೇರಿಯ ಹೆಂಗಸರೆಲ್ಲ ಇದ್ದರು. ಹಬ್ಬಕ್ಕೆಂದು ಒಕ್ಕಲು ಮನೆಗಳಿಂದ ಸಿಕ್ಕಿದ್ದ ಅಕ್ಕಿಯನ್ನು ಕೆಲವರು ಬೇಯಿಸಿ ತಂದಿದ್ದರು. ಹಸಿಸೊಪ್ಪು, ಜೋಳದ ದಂಟು, ಸೋಗೆಯ ರಾಶಿ. ಕೆಂದ ತಿಂದಿತು. ನಿಂತು ತಿಂದಿತು, ನೀರು ಕುಡಿದು ಮತ್ತೆ ತಿಂದಿತು. ಎಡಗಡೆಯ ಗುಳಿಬಿದ್ದ ಹೊಟ್ಟೆ ನಿಧಾನವಾಗಿ ತುಂಬಿ ಸಮವಾಯಿತು. ಅಯ್ಯಾವು ಅಂದು ಬೇರೆ ಕಡೆ ನೋಡಲಿಲ್ಲ. ಸೋಗೆ ಮುರಿದು ಮುರಿದು ತಾನೇ ಬಾಯಿಗೆ ಇಟ್ಟ. ಆಮೇಲೆ ಕೊಂಬಿಗೆ ಬಣ್ಣ ಬಳಿದು, ಕೊರಳಿಗೆ ಹೂವು ಹಾಕಿ, ನೇರ ಮಂದೆಯ ಬಯಲಿಗೆ ಹೊಡೆದುಕೊಂಡು ಹೋದ.

ಬಯಲಿನಲ್ಲಿ ಒಕ್ಕಲು ಮನೆಗಳವರು ಸೇರಿದ್ದರು. ಚೇರಿಯವರಿಗೆ ದೂರದ ಜಾಲಿಗಿಡದ ಹತ್ತಿರ ಜಾಗ. ಅಲ್ಲೇ ಒಂದು ದೊಡ್ಡ ಮಣ್ಣಿನ ಪಾತ್ರೆಯಲ್ಲಿ ಸಗಣಿನೀರು ಕದಡಿ ಇಟ್ಟಿದ್ದರು. ಆರಿಸುವುದು ಮುಗಿದ ಮೇಲೆ ಓಚ್ಚಮ್ಮಾಳ ಕಳ್ಳತನದ ತೀರ್ಮಾನ.

ಕಬ್ಬು ಹರಡಿದರು. ಹೋರಿಗಳನ್ನು ಬಿಟ್ಟರು. ಅಳಗರ್ ಗೌಂಡರು ರೇಷ್ಮೆ ಮೇಲುವಸ್ತ್ರ ಹೊದ್ದು, ಕೆಂದನ ಹಗ್ಗವನ್ನು ತಾವೇ ಬಿಚ್ಚಿ, ಬೆನ್ನು ತಟ್ಟಿದರು.

"ನಡೀ ರಾಜಾ."

ಕೆಂದ ಕಬ್ಬಿನ ಹತ್ತಿರ ನಡೆಯಿತು. ಮೂಸಿತು. ಒಮ್ಮೆ ಉಫ್ ಎಂದು ಉಸಿರು ಬಿಟ್ಟು, ಮುಂಗಾಲು ಮಡಿಸಿ, ಹಿಂಗಾಲು ಮಡಿಸಿ, ಬಿಸಿಲಿನಲ್ಲಿ ಮಲಗಿತು. ಕಣ್ಣು ಅರೆ ಮುಚ್ಚಿ ಮೆಲುಕು ಹಾಕತೊಡಗಿತು.

ಯಾರೋ ನಕ್ಕರು. ಗೌಂಡರು ಬಾಲ ತಿರುಚಿದರು. ಕೋಲಿನಲ್ಲಿ ತಿವಿದರು. ಕಬ್ಬನ್ನು ಎತ್ತಿ ತುಟಿಗೆ ಒತ್ತಿದರು. ಕೆಂದ ಮುಖ ಆಚೆಗೆ ಹೊರಳಿಸಿತು. ಅಷ್ಟರಲ್ಲಿ ಆ ತುದಿಯಲ್ಲಿ ಮೂಲೆಮನೆಯವರ ಬಿಳಿ ಹೋರಿ ಕಬ್ಬಿನ ಗಣುವೊಂದನ್ನು ಕಚ್ಚಿ ಕರಕರ ಅಗಿಯಿತು. ಒಕ್ಕಲು ಹೆಂಗಸರು ನಾಲಗೆ ಹೊರಳಿಸಿ ಲುಲುಲು ಎಂದು ಕುಲವೆ ಹಾಕಿದರು.

ಗೌಂಡರು ಅದನ್ನು ನೋಡಲಿಲ್ಲ. ಕೋಲು ಹಿಡಿದು ಬಯಲು ದಾಟಿ ಜಾಲಿಗಿಡದ ಕಡೆ ನುಗ್ಗಿ ಬಂದರು. ಮೇಲುವಸ್ತ್ರ ನೆಲದಲ್ಲಿ ಎಳೆಯುತ್ತಿತ್ತು.

"ಏನೇ ಇಕ್ಕಿದೆ ಅದಕ್ಕೆ? ಹೇಳೇ ಸೂಳೆ! ಯಾರು ಹೇಳಿದ್ರು ನಿಂಗೆ ಅದರ ಹೊಟ್ಟೆ ತುಂಬ್ಸು ಅಂತ? ತಿಂಗಳಿಂದ ಹಸಿವಲ್ಲಿ ಕಟ್ಟಿ ಹಾಕಿದ್ದೆ, ಒಂದು ಬೆಳಿಗ್ಗೇಲಿ ಹಾಳ್ ಮಾಡಿದ್ಯಲ್ಲೇ!"

ಕುಲವೆ ನಿಂತಿತು. ಕಾಳಿಮುತ್ತು ಪೆರಿಯವರು ಹಿಂದೆಯೇ ಬಂದಿದ್ದರು, ಅವರ ಹಿಂದೆ ಉಳಿದವರು.

"ಏನಂದ್ರಿ ಗೌಂಡರೇ?" ಎಂದರು ಅವರು ಮೆಲ್ಲಗೆ.

ಗೌಂಡರ ಬಾಯಿ ತೆರೆದೇ ಇತ್ತು. ಮುಚ್ಚಿತು. "ಕಳ್ಳಿ. ಇವಳು ಕಳ್ಳಿ. ಅದನ್ನ ಅಂದೆ."

ಪೆರಿಯವರು ಹೋರಿಯನ್ನು ನೋಡಿದರು, ಗೌಂಡರನ್ನು ನೋಡಿದರು, ನೆರೆದ ಸಂಬಂಧಿಕರನ್ನು ನೋಡಿದರು. ಒಕ್ಕಲು ಮನೆಗಳ ಮಾನ ಚೇರಿಯವರ ಎದುರು ಬಿಸಿಲಿಗೆ ಬಿದ್ದಿತ್ತು. ಗಂಟಲು ಸರಿಮಾಡಿಕೊಂಡರು.

"ಅದು ನಮ್ಮನಮ್ಮಲ್ಲಿ ಆಮೇಲೆ ಮಾತಾಡೋಣ. ಚೇರಿ ಕೈಯಲ್ಲಿ ದೇವರ ಹೋರಿಗೆ ಇಕ್ಕಿದ್ದಂತೂ ನಿಜ ತಾನೆ? ಏನೇ?"

"ಇಕ್ಕಿದ್ದು ನಿಜ ಸಾಮಿ," ಎಂದಳು ಓಚ್ಚಮ್ಮಾಳ್. "ಹಸಿದಿತ್ತು. ನಾನು ರುಬ್ಬಿದ್ದು ಅದರ ಹೊಟ್ಟೆಗೆ ಬೀಳ್ಲಿಲ್ಲ. ಎಲ್ಲಿ ಬಿತ್ತು ಅಂತ ಗೌಂಡರ ಗಾಡಿ ಎತ್ತನ್ನ ಕೇಳಿ."

"ಮಾತು ಬೆಳೆಸ್ಬೇಡ. ತಪ್ಪು ತಪ್ಪೇ. ಏಯ್ ಅಯ್ಯಾವು, ಪಾತ್ರೆ ಎತ್ತು. ಕುಡಿಸು."

ಎಂದೂ ಹಾಗೇ ಇತ್ತು. ತೀರ್ಮಾನ ಒಕ್ಕಲು ಮನೆಯವರದು, ತಲೆಗೂದಲು ಹಿಡಿದು ದವಡೆ ಅಗಲಿಸಿ ಸುರಿಯುವ ಕೈ ಚೇರಿಯವರದು. ಅಯ್ಯಾವು ಮುಂದೆ ಬಂದ. ಓಚ್ಚಮ್ಮಾಳ್ ಮಗಳನ್ನು ಬೆನ್ನ ಹಿಂದೆ ಸರಿಸಿಕೊಂಡಳು. ಅಯ್ಯಾವು ಪಾತ್ರೆಯವರೆಗೆ ಹೋದ, ಅದನ್ನು ಬಳಸಿ ನಡೆದು ಅವಳ ಪಕ್ಕಕ್ಕೆ ಬಂದು ನಿಂತ. ಕೈ ಕಟ್ಟಿಕೊಂಡ.

"ಅಯ್ಯಾವು! ಕಿವಿ ಕೆಪ್ಪಾ?"

"ಕೇಳ್ತು ಸಾಮಿ. ಆಗಲ್ಲ."

"ಪಾಂಡೀ, ನೀನು ಎತ್ತೋ."

ಪಾಂಡಿ ನೆಲ ನೋಡಿದ. ಕರುಪ್ಪಯ್ಯನನ್ನು ಕರೆದರು, ಅವನು ಹೆಂಡತಿಯ ಮುಖ ನೋಡಿದ. ಒಂದೊಂದೇ ಹೆಸರು ಕೂಗಿದರು. ಜಾಲಿಗಿಡದ ಹತ್ತಿರ ಯಾರೂ ಅಲುಗಲಿಲ್ಲ. ವಳ್ಳಿ ಅವ್ವನ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಿದ್ದಳು.

ಪಾತ್ರೆಯ ಅಂಚಿನ ಮೇಲೆ ನೊಣ ಕೂತವು. ಅಳಗರ್ ಗೌಂಡರು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಆಮೇಲೆ ಕೋಲನ್ನು ಕೆಳಗೆ ಹಾಕಿ, ಮೇಲುವಸ್ತ್ರ ತೆಗೆದು ಪಕ್ಕದವರ ಕೈಗೆ ಕೊಟ್ಟು, ತಾವೇ ಕುಡಿಸಲೆಂದು, ಇದುವರೆಗೆ ಅವಳನ್ನು ಮುಟ್ಟದ ಬರಿಗೈಯಲ್ಲಿ ಒಂದು ಹೆಜ್ಜೆ ಮುಂದಿಟ್ಟರು.

ಗೌಂಡರು ಹತ್ತಿರ ಬಂದಷ್ಟೂ ಚೇರಿಯವರು ಹಿಂದಕ್ಕೆ ಸರಿಯಬೇಕು, ನೆರಳೂ ತಾಕಬಾರದು. ಓಚ್ಚಮ್ಮಾಳ್ ಸರಿಯಲಿಲ್ಲ. ಗೌಂಡರು ಇನ್ನೊಂದು ಹೆಜ್ಜೆ ಇಟ್ಟರು. ಅವರ ನೆರಳು ಅವಳ ಪಾದದ ಮೇಲೆ ಬಿತ್ತು.